ಟೀಚರ್‌ಗೊಂದು ಪ್ರಶ್ನೆ: ಜಾತ್ರೆ ಬೀದಿಯಲ್ಲಿ ಯಾರಿಗೆ ಜಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದವು. ಧರ್ಮ, ದೇಶ, ಪಕ್ಕದ ಮನೆಯವರು. ಹಾಗಾಗಿ ಕೆಲಸ, ಮದುವೆ, ಪರೀಕ್ಷೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಬೇಡಿ. ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಲ್ಲಿ: ಊರು ದಕ್ಷಿಣ ಕನ್ನಡದ ಮೂಲ್ಕಿ ಹತ್ತಿರ, 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ್ದೇನೆ, ಹುಟ್ಟಿನಿಂದ ಜೈನಳು.

*

ಪ್ರಶ್ನೆ: ದೇವಸ್ಥಾನ ನಮ್ಮದು, ಜಾತ್ರೆ ನಮ್ಮದು. ಮೂರ್ತಿ ಪೂಜೆ ಒಪ್ಪದವರಿಗೆ ಅಲ್ಲಿ ವ್ಯಾಪಾರ ಯಾಕೆ? ಹಿಂದೂಗಳಲ್ಲದವರಿಗೆ ಜಾಗ ಕೊಡಬಾರದು ಅಂತ 2002ರ ನಿಯಮದಲ್ಲೇ ಇದೆ. ಕಾನೂನು ಪಾಲಿಸಿ ಅಂತ ಕೇಳಿದರೆ ಅದರಲ್ಲಿ ದ್ವೇಷ ಎಲ್ಲಿದೆ?
– ಓದುಗರೊಬ್ಬರು, ಮಂಗಳೂರು

ನಿಮ್ಮ ಪತ್ರದಲ್ಲಿ ಒಂದೂ ಬೈಗುಳ ಇಲ್ಲ. ಹಾಗಾಗಿ ನಾನೂ ಬಿಡಿಸಿ ಉತ್ತರ ಕೊಡಬೇಕು.

ಮೊದಲು ನಿಯಮ. ನೀವು ಹೇಳುವುದು ಮುಜರಾಯಿ ಕಾಯ್ದೆಯ ಕೆಳಗೆ 2002ರಲ್ಲಿ ಮಾಡಿದ ನಿಯಮಗಳಲ್ಲಿ 31ನೆಯದು, ಅದರ 12ನೇ ಉಪನಿಯಮ. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಎಂದು ಅದರಲ್ಲಿ ಇರುವುದು ನಿಜ. 2022ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲೂ ಇದರ ಮಾತು ಬಂತು. ಆದರೆ ಅದು ಸ್ಥಿರಾಸ್ತಿಯ ಗುತ್ತಿಗೆಯ ನಿಯಮ. ನಾಲ್ಕು ಕೋಲು ನೆಟ್ಟು, ಮೇಲೊಂದು ಟಾರ್ಪಾಲು ಕಟ್ಟಿ, ಐದು ದಿನ ಬಳೆ ಮಾರಿ ಬಿಚ್ಚಿಕೊಂಡು ಹೋಗುವವನಿಗೂ ಅದನ್ನು ಹಚ್ಚುವುದು ಸರಿಯಲ್ಲ ಎನ್ನುವುದು ನನ್ನ ಓದು. ದೇವಸ್ಥಾನದ ಜಾಗ ದಾಟಿದ ಮೇಲಿನ ಬೀದಿ ಪಂಚಾಯತಿನದೋ ಪುರಸಭೆಯದೋ ಆಗಿರುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆ ಬೇರೆಯೇ ಇದೆ.

ಇನ್ನೊಂದು ಗಮನಿಸಿ. ನಿಯಮ ಬಂದದ್ದು 2002ರಲ್ಲಿ, ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅನ್ನುವ ಬ್ಯಾನರ್ ಬಂದದ್ದು 2022ರಲ್ಲಿ. ನಡುವಿನ 20 ವರ್ಷ ಅದೇ ನಿಯಮ ಇತ್ತು, ಅದೇ ವ್ಯಾಪಾರಿಗಳೂ ಇದ್ದರು, ಜಾಗದ ಏಲಂ ಆಗುತ್ತಿತ್ತು, ಜಾತ್ರೆ ನಡೆಯುತ್ತಿತ್ತು. 2022ರ ಮಾರ್ಚ್ 15ಕ್ಕೆ ಹೈಕೋರ್ಟಿನ ಹಿಜಾಬ್ ತೀರ್ಪು ಬಂತು. 17ಕ್ಕೆ ಅದನ್ನು ವಿರೋಧಿಸಿ ಮುಸ್ಲಿಮರು ಅಂಗಡಿ ಮುಚ್ಚಿದರು. ಅದರ ಬೆನ್ನಿಗೇ ಒಂದೊಂದೇ ಜಾತ್ರೆಯಲ್ಲಿ ಬ್ಯಾನರ್ ಎದ್ದವು. ಅಂದರೆ ಅದು ಸೇಡು. ಸೇಡಿಗೆ ಕಾನೂನು ಅನ್ನುವ ಹೆಸರು ಇಡಬೇಡಿ, ದಯವಿಟ್ಟು.

ಇನ್ನು 'ಮೂರ್ತಿ ಪೂಜೆ ಒಪ್ಪದವರು' ಅನ್ನುವ ಮಾತು. ನಮ್ಮ ಬಪ್ಪನಾಡಿನ ದುರ್ಗಾಪರಮೇಶ್ವರಿಯ ಕಥೆ ನಿಮಗೂ ಗೊತ್ತಿರುತ್ತದೆ. ಬಪ್ಪ ಅನ್ನುವ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ವ್ಯಾಪಾರಿಯ ದೋಣಿ ಶಾಂಭವಿ ಹೊಳೆಯಲ್ಲಿ ಸಿಕ್ಕಿಹಾಕಿಕೊಂಡಿತು. ನೀರಿನಲ್ಲಿ ರಕ್ತ ಕಂಡಿತು. ರಾತ್ರಿ ಕನಸಿನಲ್ಲಿ ದೇವಿ ಬಂದು ಗುಡಿ ಕಟ್ಟಿಸು ಅಂದಳು. ಆತ ಮೂಲ್ಕಿಯ ಜೈನ ಸಾವಂತ ಅರಸರ ಹತ್ತಿರ ಹೋಗಿ ಜಾಗ, ನೆರವು ಕೇಳಿದ. ದೇವಿ ಹಿಂದೂಗಳದು, ಕನಸು ಬ್ಯಾರಿಯದು, ನೆರವು ಜೈನರದು. ಊರಿಗೆ ಬಪ್ಪನಾಡು ಅಂತಲೇ ಹೆಸರು ಬಂತು. ಜಾತ್ರೆಯಲ್ಲಿ ಆ ಬ್ಯಾರಿಯ ಮನೆತನದವರಿಗೆ ಇವತ್ತಿಗೂ ಪ್ರಸಾದ ಸಲ್ಲುತ್ತದೆ. ಕಥೆಯನ್ನು ಅಕ್ಷರಶಃ ನಂಬುವುದು ಬಿಡುವುದು ಅವರವರ ಇಷ್ಟ. ಪ್ರಸಾದ ಕೊಡುವುದು ಮಾತ್ರ ಕಣ್ಣಿಗೆ ಕಾಣುವ ವ್ಯವಹಾರ. ಆ ಬ್ಯಾರಿ ಮೂರ್ತಿ ಪೂಜೆ ಒಪ್ಪಿದನಾ ಅಂತ ನಮ್ಮ ಹಿರಿಯರು ಕೇಳಲಿಲ್ಲ. ಅವನ ಪಾಲು ಎಷ್ಟು ಅಂತ ಗೊತ್ತುಮಾಡಿ ಕೊಟ್ಟರು. 2022ರಲ್ಲಿ ಅಂಥ ಬಪ್ಪನಾಡಿನ ಜಾತ್ರೆಯ ಹೊತ್ತಿಗೂ ಬ್ಯಾನರ್ ಕಾಣಿಸಿತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಮಾತಿನಲ್ಲಿ ನಾನು ಒಪ್ಪುವ ಭಾಗವೂ ಇದೆ. ಗರ್ಭಗುಡಿಯ ಒಳಗೆ ಯಾರು ಹೋಗಬೇಕು, ಪೂಜೆ ಹೇಗೆ ಆಗಬೇಕು, ದೇವರ ಮುಂದೆ ಏನು ಮಾರಬಾರದು, ಇದೆಲ್ಲ ದೇವಸ್ಥಾನದವರೇ ಹೇಳಬೇಕು. ನಮ್ಮ ಬಸದಿಗಳಲ್ಲೂ ಹಾಗೆಯೇ. ಅಂಗಳದಲ್ಲಿ ಮಾಂಸದ ಅಡುಗೆ ಬೇಡ ಅಂದರೆ ಎಲ್ಲರಿಗೂ ಬೇಡ ಅನ್ನಿ, ಸರಿ. ಆದರೆ ಬಳೆ, ಬಲೂನು, ಕಡಲೆ ಮಾರುವವನ ಜಾಗವನ್ನು ಅವನ ಹೆಸರು ಕೇಳಿ ಕಿತ್ತುಕೊಂಡರೆ ಅದರಲ್ಲಿ ದೇವಿಯ ಕೆಲಸ ಯಾವುದಿದೆ?

ಬಳೆ ಅಂದೆ. ಕಾರಣ ಇದೆ. ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ಬಳೆ ತೊಟ್ಟದ್ದು ಒಂದೇ ಅಂಗಡಿಯಲ್ಲಿ. ಮೊದಲು ಅಪ್ಪ ಕೂರುತ್ತಿದ್ದರು, ಆಮೇಲೆ ಮಗ. ಮಗನನ್ನು ನಾವೆಲ್ಲ ಕಾಕ ಅಂತಲೇ ಕರೆಯುವುದು. ಬಳೆ ತೊಡಿಸುವುದು ಸುಮ್ನೆ ಕೆಲಸ ಅಲ್ಲ. ಕೈಯನ್ನು ಎರಡು ಸಲ ನೀವಿ, ಐದೂ ಬೆರಳು ಒಟ್ಟು ಮಾಡಿ, ಹೆಬ್ಬೆರಳಿನ ಬುಡ ಒಳಗೆ ಒತ್ತಿ, ಒಂದೊಂದೇ ಬಳೆ ಜಾರಿಸುತ್ತಾರೆ. ನೋವಾದರೆ ನಮ್ಮ ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತದೆ. ಒಡೆದ ಬಳೆಗೆ ದುಡ್ಡಿಲ್ಲ. ಕೊನೆಗೆ ಲೆಕ್ಕದ ಮೇಲೆ ಒಂದು ಬಳೆ ಜಾಸ್ತಿ. ನನ್ನ ಮದುವೆಯ ಹಸಿರು ಬಳೆಗೆ ಅವರ ಅಪ್ಪ ಮಲಾರ ಹೊತ್ತು ಮನೆಗೇ ಬಂದಿದ್ದರು.

2022ರಲ್ಲಿ ಜಾತ್ರೆಗೆ ನಾಲ್ಕು ದಿನ ಇರುವಾಗ ಫೋನ್ ಬಂತು. 'ಟೀಚರೇ, ಈ ಸಲ ನಾನು ಬರುವುದಿಲ್ಲ. ಜಾಗ ಇಲ್ಲವಂತೆ.' ಅಷ್ಟೇ. ಜಾತ್ರೆ ಮುಗಿದ ಮೇಲೆ ಅವರ ಮನೆಗೆ ಹೋದೆ. ಚಾವಡಿಯ ಗೋಡೆಗೆ ತಾಗಿಸಿ ಬಳೆಯ ಪೆಟ್ಟಿಗೆಗಳನ್ನು ಇಟ್ಟಿದ್ದರು. ಒಂದೂ ಬಿಚ್ಚಿರಲಿಲ್ಲ, ಹಗ್ಗ ಕಟ್ಟಿದ್ದು ಹಾಗೇ ಇತ್ತು. ಕೊರೊನಾದ ಎರಡು ವರ್ಷ ಜಾತ್ರೆಯೇ ಸರಿ ಆಗಿರಲಿಲ್ಲ, ಈ ವರ್ಷ ಆದರೂ ಸುಧಾರಿಸಬಹುದು ಅಂತ ಸಾಲ ಮಾಡಿ ಮಾಲು ತಂದಿದ್ದರು. ಅವರು ದೇವಸ್ಥಾನದವರನ್ನು ಬೈಯಲಿಲ್ಲ. 'ನನಗಾದರೂ ಮಗ ಗಲ್ಫಿನಲ್ಲಿ ಇದ್ದಾನೆ. ಆಟದ ಸಾಮಾನಿನವನಿಗೆ ಯಾರೂ ಇಲ್ಲ' ಅಂದರು. ಮರುವರ್ಷ ಬಂದರು. ಹಳೆಯ ಜಾಗದಲ್ಲಿ ಅಲ್ಲ, ಬೀದಿಯ ಕೊನೆಯಲ್ಲಿ, ದೀಪದ ಕಂಬ ಇಲ್ಲದ ಕಡೆ. ನಾನು ಮೊಬೈಲ್ ಟಾರ್ಚ್ ಹಿಡಿದೆ, ಅವರು ಬಳೆ ತೊಡಿಸಿದರು.

ದ್ವೇಷ ಎಲ್ಲಿದೆ ಅಂತ ಕೇಳಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಇಲ್ಲದೇ ಇರಬಹುದು, ನಂಬುತ್ತೇನೆ. ಆದರೆ ಆ ಪೆಟ್ಟಿಗೆಗಳನ್ನು ನೋಡಿದ ಅವರ ಮೊಮ್ಮಗನಿಗೆ ಏನು ಅನಿಸಿರಬಹುದು, ಅದನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ? ನಿಮ್ಮ ಸಮಿತಿಯಲ್ಲಿ ಮಾತಾಡುವ ಅವಕಾಶ ನಿಮಗಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಏಲಂ ದಿನ ಹಳೆಯ ವ್ಯಾಪಾರಿಗಳ ಪಟ್ಟಿ ತೆಗೆಸಿ, ಅವರವರ ಜಾಗಕ್ಕೆ ಮೊದಲು ಅವರನ್ನೇ ಕರೆಯಿರಿ.

*

ಪ್ರಶ್ನೆ: ಮೈಸೂರು ದಸರಾವನ್ನು ಮುಸ್ಲಿಂ ಲೇಖಕಿಯಿಂದ ಉದ್ಘಾಟಿಸಿದ್ದು ಸರಿಯಾ?
– ಗೃಹಿಣಿ, ಶಿವಮೊಗ್ಗ

ಸರಿ. ಬಾನು ಮುಷ್ತಾಕ್ ಅವರು 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ತಂದರು. ಕನ್ನಡದ ಕೃತಿಗೆ ಅದು ಬಂದದ್ದು ಅದೇ ಮೊದಲು. ನಾಡಹಬ್ಬಕ್ಕೆ ನಾಡು ಅವರನ್ನು ಕರೆಯಿತು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರೂ ದಸರಾ ಉದ್ಘಾಟಿಸಿದ್ದರು. 2025ರಲ್ಲಿ ವಿರೋಧಿಸಿದವರು ಹೈಕೋರ್ಟಿಗೂ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ನಿಲ್ಲಲಿಲ್ಲ. ಸೆಪ್ಟೆಂಬರ್ 22ಕ್ಕೆ ಅವರು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಹೂ ಹಾಕಿ ಹಬ್ಬ ಶುರು ಮಾಡಿದರು. ಕನ್ನಡವನ್ನು ಭುವನೇಶ್ವರಿ ದೇವಿಯಾಗಿ ಕಾಣುವುದರ ಬಗ್ಗೆ ಅವರು ಹಿಂದೆ ಆಡಿದ ಮಾತು ನಿಮಗೆ ನೋವು ತಂದಿದ್ದರೆ ಅವರಿಗೇ ಪತ್ರ ಬರೆಯಿರಿ. ಲೇಖಕಿ, ಉತ್ತರ ಬರೆಯುತ್ತಾರೆ.

*

ಪ್ರಶ್ನೆ: ಟೀಚರ್, ನನ್ನ ಮಗನಿಗೆ 19. ಡಿಪ್ಲೊಮಾ ಓದುತ್ತಿದ್ದಾನೆ. ಒಂದು ವರ್ಷದಿಂದ ಒಂದು ಗುಂಪಿನ ಜೊತೆ ತಿರುಗುತ್ತಾನೆ. ಬಸ್ಸಲ್ಲಿ, ಬೀಚಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಕಂಡರೆ ವಿಡಿಯೊ ಮಾಡಿ ಕಳಿಸುವುದು, ಅಡ್ಡ ಹಾಕುವುದು. ರಾತ್ರಿ ಎರಡು ಗಂಟೆಗೆ ಮನೆಗೆ ಬರುತ್ತಾನೆ. ಕೇಳಿದರೆ 'ಧರ್ಮದ ಕೆಲಸ, ನಿಮಗೆ ಗೊತ್ತಾಗುವುದಿಲ್ಲ' ಅನ್ನುತ್ತಾನೆ. ಶಾಲೆಯಿಂದ ಜೊತೆಗಿದ್ದ ಬ್ಯಾರಿ ಹುಡುಗನ ಹತ್ತಿರ ಮಾತು ಬಿಟ್ಟಿದ್ದಾನೆ. ಎಂತ ಮಾಡುವುದು?
– ಒಬ್ಬ ತಾಯಿ, ಕುಂದಾಪುರ ಕಡೆ

ಅಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ಕ್ಲಾಸಿನಲ್ಲಿ ಕೂತಿದ್ದ ಎಷ್ಟೋ ಹುಡುಗರ ಮುಖ ಕಣ್ಣ ಮುಂದೆ ಬಂತು.

ಮೊದಲು, ಅವನಿಗೆ ಚರಿತ್ರೆಯ ಪಾಠ ಹೇಳಲು ಹೋಗಬೇಡಿ. ಅವನ ಫೋನಿನಲ್ಲಿ ನಿಮಗಿಂತ ಜಾಸ್ತಿ ಉತ್ತರ ಇವೆ. ಆ ಗುಂಪಿನಲ್ಲಿ ಅವನಿಗೆ ಏನು ಸಿಗುತ್ತದೆ ಅಂತ ನೋಡಿ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. 'ಊಟ ಆಯ್ತಾ' ಅಂತ ಅಣ್ಣನ ಹಾಗೆ ಕೇಳುತ್ತಾರೆ. ಆಸ್ಪತ್ರೆಗೆ ರಕ್ತ ಬೇಕು ಅಂದರೆ ಅವನನ್ನು ಕಳಿಸುತ್ತಾರೆ, ದೇವಸ್ಥಾನದ ದೀಪಾಲಂಕಾರಕ್ಕೆ ಮರ ಹತ್ತಿಸುತ್ತಾರೆ. ಇದೆಲ್ಲ ಒಳ್ಳೆಯ ಕೆಲಸವೇ. ಅದಕ್ಕೆ ಹೊಗಳಿ, ಮನಸಾರೆ ಹೊಗಳಿ. ಮನೆಯಲ್ಲಿ 'ಕೆಲಸಕ್ಕೆ ಬಾರದವ' ಅನಿಸಿಕೊಂಡವನಿಗೆ ಹೊರಗೆ ಯಾರೋ 'ನೀನು ಬೇಕು' ಅಂದರೆ ಅವನು ಅವರ ಹಿಂದೆ ಹೋಗುತ್ತಾನೆ.

ಹೊಗಳಿದ ಮೇಲೆ ವಿಡಿಯೊದ ಬಗ್ಗೆ ಒಂದೇ ಪ್ರಶ್ನೆ ಕೇಳಿ. ಆ ಹುಡುಗಿ ಮರುದಿನ ಏನಾದಳು? ಹೆಚ್ಚಿನ ಹುಡುಗರಿಗೆ ಇದು ಗೊತ್ತಿರುವುದೇ ಇಲ್ಲ. ನನಗೆ ಒಬ್ಬಳ ವಿಷಯ ಗೊತ್ತು. ನನ್ನದೇ ವಿದ್ಯಾರ್ಥಿನಿ. ಕ್ಲಾಸಿನ ಹುಡುಗನ ಜೊತೆ ಐಸ್‌ಕ್ರೀಮ್ ತಿಂದದ್ದು ವಿಡಿಯೊ ಆಯ್ತು. ಮರುದಿನದಿಂದ ಕಾಲೇಜು ಬಂದ್. ಎರಡು ತಿಂಗಳಲ್ಲಿ ಮದುವೆ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದವಳು. ಧರ್ಮ ಕಾಪಾಡುತ್ತೇವೆ ಅಂತ ಹೊರಟವರು ಕೊನೆಗೆ ನಮ್ಮ ಹುಡುಗಿಯ ಓದನ್ನೇ ಕಿತ್ತರು.

ಇನ್ನೊಬ್ಬ ವಿದ್ಯಾರ್ಥಿ ಇದ್ದಾನೆ. ಈಗ ಅವನಿಗೆ ಮೂವತ್ತು ದಾಟಿದೆ. ನಿಮ್ಮ ಮಗನ ಪ್ರಾಯದಲ್ಲಿ ಒಂದು ಗಲಾಟೆಯಲ್ಲಿ ಅವನ ಹೆಸರು ಎಫ್‌ಐಆರ್‌ಗೆ ಸೇರಿತು. ಧರ್ಮಗಳ ನಡುವೆ ವೈರ ಹುಟ್ಟಿಸುವುದಕ್ಕೆ ಆಗ ಐಪಿಸಿ 153ಎ ಇತ್ತು. 2024ರ ಜುಲೈಯಿಂದ ಅದೇ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 196 ಇದೆ, ಮೂರು ವರ್ಷದವರೆಗೆ ಜೈಲು. ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು. ನಮ್ಮ ಜಿಲ್ಲೆಯಲ್ಲಿ ಪಾಸ್‌ಪೋರ್ಟ್ ಇಲ್ಲ ಅಂದರೆ ಏನು ಅಂತ ನಿಮಗೆ ಬೇರೆ ಹೇಳಬೇಕಾ? ಅವನಿಗೆ ದುಬೈಯ ಕೆಲಸ ತಪ್ಪಿತು. ಅವನ ಶರ್ಟಿನ ಜೇಬಿನಲ್ಲಿ ಮಡಚಿದ ಒಂದು ಕಾಗದ ಇರುತ್ತದೆ, ಕೋರ್ಟಿನ ತಾರೀಕುಗಳದು. ಒಂದು ಸಲ ನನಗೆ ಬಿಡಿಸಿ ತೋರಿಸಿದ. ಮಡಿಕೆಯಲ್ಲಿ ಹರಿದು ಹೋಗಿತ್ತು, ಹಿಂದಿನಿಂದ ಟೇಪ್ ಹಚ್ಚಿದ್ದ. 'ಟೀಚರ್, ಮೊದಲ ತಾರೀಕಿಗೆ 40 ಜನ ಬಂದಿದ್ದರು. ಈಗ ಅಮ್ಮ ಮಾತ್ರ ಬರುವುದು' ಅಂದ. ನಿಮ್ಮ ಮಗ ಒಪ್ಪಿದರೆ ಅವನೇ ಬಂದು ಮಾತಾಡುತ್ತೇನೆ ಅಂದಿದ್ದಾನೆ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಾನು ಒಟ್ಟು ಮಾಡಿಸುತ್ತೇನೆ.

ಒಂದು ಮಾತನ್ನು ಮೃದು ಮಾಡಿ ಹೇಳಲು ನನಗೆ ಆಗುವುದಿಲ್ಲ. 2022ರ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆ ಆಯ್ತು. ಬೆಳ್ಳಾರೆ ಕಡೆ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬ. ಇಬ್ಬರು ಮುಸ್ಲಿಮರು, ಒಬ್ಬ ಹಿಂದೂ. ಆ ವಾರ ಸಂಜೆ ಆರಕ್ಕೆ ಅಂಗಡಿಗಳು ಮುಚ್ಚಬೇಕಿತ್ತು. ನಮ್ಮ ಮನೆಯ ಮುಂದಿನ ಹೆದ್ದಾರಿ ಅಷ್ಟು ಸುಮ್ಮನಿದ್ದುದನ್ನು ನಾನು ಲಾಕ್‌ಡೌನ್ ಬಿಟ್ಟರೆ ಇನ್ನೆಂದೂ ನೋಡಿಲ್ಲ. ಮೂರೂ ಮನೆಗಳಲ್ಲಿ ನಿಮ್ಮ ಹಾಗೆ ರಾತ್ರಿ ಬಾಗಿಲು ನೋಡುತ್ತಾ ಕೂತ ತಾಯಂದಿರು ಇದ್ದರು.

ಆ ಬ್ಯಾರಿ ಹುಡುಗನ ಮನೆಗೆ ನೀವು ಹೋಗಿ. ಮಗ ಮಾತು ಬಿಟ್ಟರೆ ಬಿಡಲಿ, ಅಮ್ಮಂದಿರು ಬಿಡಬೇಕು ಅಂತ ಇಲ್ಲ. ಹೋಗುವಾಗ ಹಿತ್ತಲಿನ ಬಸಳೆಯೋ ತೊಂಡೆಕಾಯಿಯೋ ತೆಗೆದುಕೊಂಡು ಹೋಗಿ. ಮಗನಿಂದ ಮುಚ್ಚಿಡಬೇಡಿ, ಹೋಗಿದ್ದೆ ಅಂತ ಹೇಳಿ.

*

ಪ್ರಶ್ನೆ: ಅಕ್ಕಾರ, ನಮ್ಮದು ರಾಯಚೂರು ಜಿಲ್ಲೆ. ನಮ್ಮೂರ ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ನಮ್ಮ ಮನೆತನಕ್ಕೆ ಪಂಜಾ (ಅಲಾಯಿ ದೇವರ ಲೋಹದ ಕೈ) ಹಿಡಿಯುವ ಪಾಳಿ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮೊಬೈಲಿನಲ್ಲಿ ಭಾಷಣ ಕೇಳಿ, 'ಇದು ಇಸ್ಲಾಮ್ ಅಲ್ಲ, ಪಂಜಾ ಹಿಡಿಯಬೇಡ, ದೀಪಾವಳಿಗೆ ಗೌಡರ ಮನೆಯಿಂದ ಬಂದದ್ದನ್ನು ತಿನ್ನಬೇಡ' ಅನ್ನುತ್ತಾನೆ. ಆ ಕಡೆ ಊರ ಕೆಲವು ಹುಡುಗರು 'ಹಿಂದೂಗಳು ಅಲಾಯಿ ದೇವರಿಗೆ ಹೋಗಬಾರದು' ಅನ್ನುತ್ತಿದ್ದಾರೆ. ನಾನು ಯಾರ ಮಾತು ಕೇಳಲಿ?
– ರೈತರೊಬ್ಬರು

ಅಣ್ಣಾ, ನಿಮ್ಮ ಮಗ ಮತ್ತು ಆ ಹುಡುಗರು ಒಬ್ಬರನ್ನೊಬ್ಬರು ಕಂಡರೆ ಆಗದವರು. ಆದರೆ ಇಬ್ಬರಿಗೂ ಬೇಕಾದ್ದು ಒಂದೇ. ಅಲಾಯಿಯ ಬೆಂಕಿ ಕುಣಿಯ ಸುತ್ತ ಒಂದೇ ಥರದವರು ನಿಲ್ಲಬೇಕು, ಇಲ್ಲ ಯಾರೂ ನಿಲ್ಲಬಾರದು.

ನಿಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ನಾನು ಒಂದು ಸಲ ನೋಡಿದ್ದೇನೆ. ಸಹೋದ್ಯೋಗಿಯೊಬ್ಬರ ತವರು ಅದು. ಸಕ್ಕರೆ ಓದಿಸಲು ಬಂದವರ ಹಣೆ ನೋಡಿದೆ: ವಿಭೂತಿ, ಕುಂಕುಮ, ಏನೂ ಇಲ್ಲದ್ದು, ಎಲ್ಲವೂ ಒಂದೇ ಸಾಲಿನಲ್ಲಿ. 680ರಲ್ಲಿ ಕರ್ಬಲಾದ ಯುದ್ಧದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ತೀರಿಕೊಂಡ ದುಃಖವನ್ನು ಹಾಡುವ ರಿವಾಯತ ಪದ ಅಚ್ಚ ಕನ್ನಡದಲ್ಲಿ. ನಿಮ್ಮ ಕಡೆ ಮುಸ್ಲಿಮರ ಒಂದೂ ಮನೆ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತವೆ ಅಂತ ಆ ಸಹೋದ್ಯೋಗಿ ಹೇಳಿದಾಗ ನನಗೆ ನಂಬಲಿಕ್ಕೆ ಆಗಿರಲಿಲ್ಲ.

ಮಗನ ವಿಷಯಕ್ಕೆ ಬರುತ್ತೇನೆ. ಅವನ ನಂಬಿಕೆ ಅವನದು. ಓದಿ, ಕೇಳಿ, ಒಂದು ದಾರಿ ಹಿಡಿದಿದ್ದಾನೆ. 'ನಾನು ಪಂಜಾ ಹಿಡಿಯುವುದಿಲ್ಲ' ಅಂದರೆ ಒತ್ತಾಯ ಮಾಡಬೇಡಿ. ಆದರೆ 'ನೀನೂ ಹಿಡಿಯಬೇಡ' ಅಂದರೆ ಅಲ್ಲಿ ತಡೆಯಿರಿ. ಮೊದಲನೆಯದು ಧರ್ಮ. ಎರಡನೆಯದು ಯಜಮಾನಿಕೆ. ಆ ಊರ ಹುಡುಗರಿಗೂ ಇದೇ ಮಾತು.

ತಿನ್ನುವುದರ ಬಗ್ಗೆ ನನ್ನ ಮನೆಯ ವಿಷಯವನ್ನೇ ಹೇಳುತ್ತೇನೆ. ನಾವು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಈರುಳ್ಳಿ, ಬಟಾಟೆ ಇಲ್ಲ. ಪಕ್ಕದ ಮನೆಯ ಬ್ಯಾರಿ ಹೆಂಗಸು ರಂಜಾನಿನಲ್ಲಿ ಸೂರ್ಯ ಮುಳುಗುವವರೆಗೆ ನೀರೂ ಮುಟ್ಟುವುದಿಲ್ಲ. ನನ್ನ ಊಟ ಮುಗಿಯುವ ಹೊತ್ತಿಗೆ ಆಕೆಯದು ಶುರು. ಅಂದರೆ ಆ 30 ದಿನ ನಾವಿಬ್ಬರೂ ಒಟ್ಟಿಗೆ ಕೂತು ತಿನ್ನುವ ಹಾಗೇ ಇಲ್ಲ. ಆದರೂ ಸಂಜೆ ಆರಕ್ಕೆ ಗೇಟಿನ ಸದ್ದಾಗುತ್ತದೆ. ತಟ್ಟೆಯಲ್ಲಿ ಕಲ್ಲಂಗಡಿ, ಬಾಳೆಹಣ್ಣು, ಎರಡು ಖರ್ಜೂರ. ನನಗೆ ಕತ್ತಲಾಗುವ ಮೊದಲು ಬೇಕು ಅಂತ ಗೊತ್ತು. ಅದಕ್ಕೇ ತಾನು ಉಪವಾಸ ಇದ್ದುಕೊಂಡೇ ನನಗೆ ಮೊದಲು ಹಣ್ಣು ಕತ್ತರಿಸಿ ತರುತ್ತಾರೆ. ಮೀನಿನ ಕತ್ತಿಯಿಂದ ಕತ್ತರಿಸಿದ್ದಲ್ಲ ಅಂತ ಮೊದಲ ವರ್ಷ ಹೇಳಿದ್ದರು. ಈಗ ಹೇಳುವುದೂ ಇಲ್ಲ, ನಾನು ಕೇಳುವುದೂ ಇಲ್ಲ. ಅವರ ಮನೆಯ ಬಿರಿಯಾನಿ ನಾನು ಒಂದು ದಿನವೂ ತಿಂದಿಲ್ಲ, ತಿನ್ನುವುದೂ ಇಲ್ಲ. ಅದಕ್ಕೆ ಅವರಿಗೆ ಬೇಸರ ಆದದ್ದು ನಾನು ಕಂಡಿಲ್ಲ.

ಮಗನಿಗೆ ಗೌಡರ ಮನೆಯ ಪ್ರಸಾದ ಬೇಡವಾದರೆ ಬೇಡ. ತಟ್ಟೆ ತಂದವರನ್ನು ಕೂರಿಸಿ ನೀರು ಕೊಡಲಿ, ತಟ್ಟೆಯನ್ನು ಖಾಲಿ ಕಳಿಸದಿರಲಿ. ಈ ಸಲದ ಮೊಹರಂಗೆ ಅವನನ್ನು ಊರಿಗೆ ಕರೆಯಿರಿ. ಪಂಜಾ ನೀವು ಹಿಡಿಯಿರಿ. ಬಂದ ಜನರಿಗೆ ಶರಬತ್ತು ಕೊಡುವ ಕೆಲಸ ಅವನಿಗೆ ಕೊಡಿ. ಅದಕ್ಕೆ ಯಾವ ಭಾಷಣದವರೂ ಅಡ್ಡ ಬರಲಾರರು.

*

ಪ್ರಶ್ನೆ: ಜಾಸ್ತಿ ಜನರ ಧರ್ಮವೇ ದೇಶದ ಧರ್ಮ ಆದರೆ ತಪ್ಪೇನು? 'ಸೆಕ್ಯುಲರ್' ಪದವನ್ನು 1976ರಲ್ಲಿ ತುರುಕಿದ್ದು ತಾನೇ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ಹೌದು. ಆದರೆ 1973ರಲ್ಲೇ, ಪದ ಬರುವ ಮೂರು ವರ್ಷ ಮೊದಲು, ಸುಪ್ರೀಂ ಕೋರ್ಟಿನ ಒಂದು ಕೇಸಿನಲ್ಲಿ ಸಂವಿಧಾನದ ಮೂಲ ಸ್ವರೂಪ (ಯಾವ ತಿದ್ದುಪಡಿಯೂ ಅಳಿಸಲಾಗದ ಅಡಿಪಾಯ) ಯಾವುದು ಅಂತ ಹೇಳುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಅದರ ಸೆಕ್ಯುಲರ್ ಗುಣವನ್ನೂ ಸೇರಿಸಿದ್ದರು. ಆ ಕೇಸು ಹಾಕಿದವರು ಯಾರು ಗೊತ್ತಾ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಮಠದ ಜಮೀನಿಗಾಗಿ ಹೋದರು. 13 ನ್ಯಾಯಮೂರ್ತಿಗಳು ಕೂತು ಕೇಳಿದರು. ಆಮೇಲೆ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿತು. ಅದನ್ನು ಪ್ರಶ್ನಿಸಿದ ಕೇಸಿನ ತೀರ್ಪು 1994ರ ಮಾರ್ಚ್ 11ಕ್ಕೆ ಬಂತು. ಸೆಕ್ಯುಲರಿಸಂ ಮೂಲ ಸ್ವರೂಪದ ಭಾಗ ಅಂತ ಅಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದರು. ಪದ ತೆಗೆಯಿರಿ ಅಂತ ಹಾಕಿದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನೋಡಿ, ಇದು ದೂರದ ದಿಲ್ಲಿಯವರು ನಮ್ಮ ಮೇಲೆ ಹೇರಿದ್ದಲ್ಲ. ಕನ್ನಡದ ಮಠ, ಕನ್ನಡದ ಮುಖ್ಯಮಂತ್ರಿ ಹೋರಾಡಿದ ಕೇಸುಗಳಲ್ಲಿ ಗಟ್ಟಿಯಾದದ್ದು.

ತಪ್ಪೇನು ಅನ್ನುವುದಕ್ಕೆ ನನ್ನ ಉತ್ತರ ಸಣ್ಣದು. 'ಜೈನರು ನಮ್ಮವರೇ ಬಿಡಿ' ಅಂತ ನನಗೆ ಎಷ್ಟೋ ಜನ ಪ್ರೀತಿಯಿಂದ ಹೇಳುತ್ತಾರೆ. ಆ ಪ್ರೀತಿ ಸುಳ್ಳಲ್ಲ. ಆದರೆ ಯಾರೋ ಸೇರಿಸಿಕೊಂಡದ್ದರಿಂದ ನಾನು ಈ ದೇಶದವಳಾದರೆ, ನಾಳೆ ಬೇರೆ ಯಾರೋ ಬಿಡಲೂಬಹುದು. ಯಾರ ಅಪ್ಪಣೆಯೂ ಇಲ್ಲದೆ ಈ ದೇಶದವಳಾಗಿ ಇರುವುದು ನನಗೆ ಬೇಕು. ನಿಮಗೂ ಅದೇ ಬೇಕು. ನೀವು ಜಾಸ್ತಿ ಜನರ ಕಡೆ ಇರುವುದರಿಂದ ಅದು ಇದೆ ಅಂತ ಗೊತ್ತಾಗುವುದಿಲ್ಲ, ಅಷ್ಟೇ.

*

ಪ್ರಶ್ನೆ: ಚರಿತ್ರೆಯಲ್ಲಿ ಅವರು ನಮ್ಮ ಗುಡಿ ಒಡೆದರು. ಅದರ ಲೆಕ್ಕ ಚುಕ್ತಾ ಆಗದೆ ಒಟ್ಟಿಗೆ ಬದುಕಿ ಅಂದರೆ ಹೇಗೆ?
– ಓದುಗರೊಬ್ಬರು, ಹಾಸನ

ಒಡೆದದ್ದು ನಿಜ. ಇಲ್ಲ ಅನ್ನುವವರ ಮಾತು ಕೇಳಬೇಡಿ. ಆದರೆ ಚುಕ್ತಾ ಮಾಡಲು ಹೊರಟರೆ ನನ್ನ ಹತ್ತಿರವೂ ಒಂದು ಲೆಕ್ಕ ಇದೆ.

ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಕ್ರಿ.ಶ. 1200ರ ಹೊತ್ತಿನ ಶಾಸನ ಇದೆ, ಕೆತ್ತನೆ ಇದೆ. ಏಕಾಂತದ ರಾಮಯ್ಯ ಅನ್ನುವ ಶಿವಭಕ್ತ ಜೈನರ ಜೊತೆ ಪಣ ಕಟ್ಟಿ ತನ್ನ ತಲೆ ಕತ್ತರಿಸಿ ಶಿವನಿಗೆ ಅರ್ಪಿಸಿ ಮತ್ತೆ ಪಡೆದದ್ದು, ಜೈನರು ಮಾತಿಗೆ ತಪ್ಪಿದಾಗ ಜಿನನ ಮೂರ್ತಿ ಒಡೆದದ್ದು, ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟದ್ದು, ಎಲ್ಲ ಅಲ್ಲಿದೆ. ಗೋಡೆಯ ಮೇಲೆ ಒಡೆಯುತ್ತಿರುವ ಕೈಯನ್ನೇ ಕೆತ್ತಿದ್ದಾರೆ. ಕೆಳಗೆ ಹಳಗನ್ನಡದಲ್ಲಿ ಬರೆದೂ ಇದ್ದಾರೆ. ನಾನು ಅದರ ಮುಂದೆ ನಿಂತಿದ್ದೇನೆ. ಎದೆ ಭಾರ ಆಗುತ್ತದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಬಿ.ಎಡ್. ಓದುವಾಗಿನ ನನ್ನ ರೂಮ್‌ಮೇಟ್, ಲಿಂಗಾಯತರ ಹುಡುಗಿ. 'ಇದನ್ನು ನೀನು ನೋಡಬೇಕು, ನನ್ನ ಜೊತೆಗೇ ನೋಡಬೇಕು' ಅಂದಿದ್ದಳು. ನೋಡಿದೆವು. ಹೊರಗೆ ಬಂದು ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಈರುಳ್ಳಿ ಇಲ್ಲದ ಪಲ್ಯ. ಆ 800 ವರ್ಷದ ಹಿಂದಿನ ಪೆಟ್ಟಿನ ಬಿಲ್ಲನ್ನು ನಾನು ಯಾರಿಗೆ ಕೊಡಲಿ? ಅವಳಿಗಾ?

ಒಟ್ಟಿಗೆ ಬದುಕಿ ಅಂದರೆ ಹೇಗೆ ಅಂತ ಕೇಳಿದ್ದೀರಿ. ಅದಕ್ಕೂ ಒಂದು ಶಾಸನವೇ ಇದೆ, ನಿಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲೇ. 1368ನೇ ಇಸವಿಯದು, ವಿಜಯನಗರದ ಬುಕ್ಕರಾಯನದು. ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು, ಶ್ರೀವೈಷ್ಣವರಿಂದ ನಮಗೆ ಅನ್ಯಾಯ ಆಗುತ್ತಿದೆ ಅಂತ ರಾಜನ ಹತ್ತಿರ ಹೋದರು. ಜಗಳ ಯಾವುದಕ್ಕೆ? ಪಂಚಮಹಾವಾದ್ಯ ಬಾರಿಸುವ ಹಕ್ಕಿಗೆ, ಕಳಶದ ಹಕ್ಕಿಗೆ. ಮೆರವಣಿಗೆಯಲ್ಲಿ ಯಾರು ವಾದ್ಯ ಬಾರಿಸಬಹುದು ಅನ್ನುವುದು 650 ವರ್ಷದ ಹಿಂದೆಯೂ ಜಗಳವೇ!

ಬುಕ್ಕ ಎರಡೂ ಕಡೆಯ ದೊಡ್ಡವರನ್ನು ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದ ಇಲ್ಲ, ಇವರಿಗೆ ಹಾನಿ ಆದರೆ ಅದು ನಿಮಗೆ ಆದ ಹಾನಿ ಅಂತ ತಿಳಿಯಿರಿ ಅಂದ. ಇಷ್ಟಕ್ಕೇ ಬಿಟ್ಟಿದ್ದರೆ ಅದು ಒಳ್ಳೆಯ ಭಾಷಣ ಆಗುತ್ತಿತ್ತು. ಅವನು ಲೆಕ್ಕ ಬರೆಸಿದ. ವಾದ್ಯ, ಕಳಶ ಜೈನರಿಗೂ ಸಲ್ಲಬೇಕು. ಜೈನರು ಮನೆಗೆ ವರ್ಷಕ್ಕೆ ಒಂದು ಹಣ (ಆಗಿನ ಒಂದು ನಾಣ್ಯ) ಕೊಡಬೇಕು. ಅದನ್ನು ಎತ್ತುವ ಹೊಣೆ ವೈಷ್ಣವರ ಕಡೆಯ ತಿರುಮಲೆಯ ತಾತಯ್ಯನದು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ಇಡಬೇಕು. ಮಿಕ್ಕ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಯಾರು ಕಾಯುವುದು, ಎಷ್ಟು ದುಡ್ಡು, ಯಾರ ಕೈಯಲ್ಲಿ, ಸುಣ್ಣಕ್ಕೆ ಎಷ್ಟು, ಎಲ್ಲ ಕಲ್ಲಿನ ಮೇಲೆ. ನನ್ನ ಸಮುದಾಯದ ದೇವರಿಗೆ ಕಾವಲು ಹಾಕುವ ಜವಾಬ್ದಾರಿ, ನಮ್ಮ ಜೊತೆ ಜಗಳ ಆಡಿದವರದೇ. ಅವರ ಮನಸ್ಸಿನಲ್ಲಿ ನಮ್ಮ ಮೇಲೆ ಪ್ರೀತಿ ಹುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾವಲಿನವರಿಗೆ ಸಂಬಳ ಹೋಗುವ ಏರ್ಪಾಡು ಆಯ್ತು.

ಮೊದಲ ಪ್ರಶ್ನೆ ಕೇಳಿದ ಮಂಗಳೂರಿನವರೂ ಇದನ್ನು ಓದುತ್ತಿದ್ದರೆ ಚೆನ್ನಾಗಿತ್ತು. ಬಳೆ ಅಂಗಡಿಯ ಜಾಗ, ಬಪ್ಪ ಬ್ಯಾರಿಯ ಪ್ರಸಾದ, ರಾಯಚೂರು ಕಡೆಯ ಪಂಜಾದ ಪಾಳಿ, ಇವೆಲ್ಲ ಇಂಥದೇ ಏರ್ಪಾಡುಗಳು. ಕಲ್ಲಿನ ಮೇಲೆ ಬರೆದಿಲ್ಲ, ಅಷ್ಟೇ.

ಹಾಸನದಿಂದ ಬೆಳಗೊಳ ದೂರ ಇಲ್ಲ. ಈ ಸಲ ಬೆಟ್ಟ ಹತ್ತುವ ಮೊದಲು ಕೆಳಗೆ ಊರೊಳಗಿನ ಭಂಡಾರಿ ಬಸದಿಗೆ ಹೋಗಿ. ಬುಕ್ಕರಾಯನ ಕಲ್ಲು ಅಲ್ಲೇ ಇದೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅವರಿಂದ ಅಕ್ಷರ ಗುರುತು ಹಿಡಿಸಿ. ನೋಡಿ ಬಂದ ಮೇಲೆ ಇದೇ ಪ್ರಶ್ನೆಯನ್ನು ನನಗೆ ಇನ್ನೊಂದು ಸಲ ಬರೆಯಿರಿ.